‘ಹೋಗ್ತದೆ ಬಿಡಿ’ ಯಜಮಾನರು

ಸುಂಟಿಕೊಪ್ಪದ ಇಳಿಜಾರುಗಳಲ್ಲಿ, ಮಡಿಕೇರಿ–ಕುಶಾಲನಗರ ಹೆದ್ದಾರಿಯ ಮೇಲ್ಬದಿಗೂ ಕೆಳಬದಿಗೂ, ಒಂದು ಬಗೆಯ ಯಜಮಾನರು ಧಾರಾಳವಾಗಿ ಸಿಗುತ್ತಾರೆ. ಬಚ್ಚಲಲ್ಲಿ ನೀರು ನಿಂತಿದೆ ಎಂದು ಹೆಂಡತಿ ಹೇಳಿದರೆ ‘ಹೋಗ್ತದೆ ಬಿಡು’ ಎನ್ನುತ್ತಾರೆ. ನೆಂಟರು ಹೇಳಿದರೆ ‘ಹೋಗ್ತದೆ ಬಿಡಿ’ ಎನ್ನುತ್ತಾರೆ. ಮರ್ಯಾದೆಯಲ್ಲಿ ವ್ಯತ್ಯಾಸವುಂಟು, ನೀರಿನ ಮಟ್ಟದಲ್ಲಿ ಇಲ್ಲ. ಇವರನ್ನು ಸೋಮಾರಿ ಎಂದು ತಳ್ಳಿಹಾಕುವವರು ಇವರ ಕಾಫಿ ತೋಟಕ್ಕೆ ಕಾಲಿಟ್ಟವರಲ್ಲ. ಮುಂಗಾರು ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣ ತೂಗಿ ಶೇಕಡ 1ರ ಬೋರ್ಡೋ ದ್ರಾವಣ ಕಲಸಿ, ಕೊಳೆರೋಗದ ಒಂದೇ ಒಂದು ಎಲೆ ಕಾಣುವ ಮುಂಚೆ ಗಿಡಕ್ಕೆ ಹೊಡೆಸಿ ಮುಗಿಸಿರುತ್ತಾರೆ. ಮರ ಕಪಾತು ತಡವಾದರೆ ನಿದ್ದೆಗೆಡುತ್ತಾರೆ. ತೋಟದ ಚರಂಡಿಗೆ ಒಂದು ಕೊಂಬೆ ಅಡ್ಡ ಬಿದ್ದಿದ್ದರೆ ರೈಟರನ್ನು ಕರೆಸಿ ವಿಚಾರಿಸುತ್ತಾರೆ. ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಡೈರಿಗೆ ಏರಿಸುವ ಶಿಸ್ತು ಅಪ್ಪನ ಕಾಲದಿಂದ ಬಂದದ್ದು. ಇಂಥವರಿಗೆ ‘ರೋಗಕ್ಕೆ ಮೊದಲೇ ಮದ್ದು’ ಎಂದು ಪಾಠ ಹೇಳಹೊರಡುವುದು ಉದ್ಧಟತನ. ಆದರೆ ಅವರದೇ ಮನೆಯ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎಲ್ಲಿದೆ ಎಂದು ಕೇಳಿನೋಡಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ ವರ್ಷ ಅದು ಅಡಿಗೆ ಹೋಯಿತು. ಯಾವ ಕಲ್ಲಿನ ಅಡಿಗೆ ಎಂಬುದು ಈಗ ಪುರಾತತ್ವ ಇಲಾಖೆಗೆ ಬಿಟ್ಟ ವಿಷಯ.

ಒಂದೇ ತಲೆಯಲ್ಲಿ ಇಷ್ಟು ಮುನ್ನೆಚ್ಚರಿಕೆಯೂ ಇಷ್ಟು ಉಡಾಫೆಯೂ ಹೇಗೆ ಒಟ್ಟಿಗೆ ಬಾಳುತ್ತವೆ? ಮರೆವು ಎನ್ನಲಾಗದು, ಮಳೆಯ ಸೆಂಟು ಲೆಕ್ಕ ಮರೆಯದ ತಲೆ ಅದು. ಇದು ಪಕ್ಕಾ ಲೆಕ್ಕಾಚಾರವೆಂದೇ ನನ್ನ ವಾದ. ಕೊಳೆರೋಗ ಬಂದರೆ ಉದುರುವುದು ಅವರ ಕಾಯಿ. ಸೆಪ್ಟಿಕ್ ಪಿಟ್ಟು ಉಕ್ಕಿದರೆ ನೀರು ಅವರ ಅಂಗಳದಲ್ಲಿ ನಿಲ್ಲುವುದಿಲ್ಲ. ಬರೆ ಇಳಿದು, ಕೆಳಗಿನ ಮನೆಯವರ ಬಾವಿಯ ಕಡೆಗೆ ಹೊರಡುತ್ತದೆ. ಬೆಟ್ಟದ ಊರಿನಲ್ಲಿ ಮನೆಮನೆಗೂ ಸ್ವಂತ ಟ್ಯಾಂಕು, ಸ್ವಂತ ಇಂಗುಗುಂಡಿ. ನಷ್ಟ ಮಾತ್ರ ಸಾರ್ವಜನಿಕ. ‘ಹೋಗ್ತದೆ’ ಎಂಬ ಭವಿಷ್ಯವಾಣಿ ಅಕ್ಷರಶಃ ನಿಜವಾಗುವುದೂ ಹೀಗೆಯೇ. ತುಲಾ ಸಂಕ್ರಮಣಕ್ಕೆ ಯಜಮಾನರು ತಲಕಾವೇರಿಯವರೆಗೆ ಹತ್ತಿ ಹೋಗಿ ತೀರ್ಥ ತರುವುದು ಭಕ್ತಿಯಿಂದಲೇ, ಸಂಶಯವಿಲ್ಲ. ಆದರೂ ಕುಶಾಲನಗರದ ಸೇತುವೆಯ ಕೆಳಗೆ ಹರಿಯುವುದೂ ಅದೇ ಕಾವೇರಿ, ದಾರಿಯೂ ಹತ್ತಿರ. ಅಲ್ಲಿ ಬಾಟಲಿ ತುಂಬಿಸಿಕೊಳ್ಳುವ ಯೋಚನೆ ಅವರಿಗೆ ಬಂದದ್ದಿಲ್ಲ.

ಇದಕ್ಕೆ ಅವರ ಬಳಿ ಒಂದು ಬ್ರಹ್ಮಾಸ್ತ್ರವುಂಟು: ‘ಇಪ್ಪತ್ತು ವರ್ಷ ಆಯ್ತು, ನಮ್ಮ ಪಿಟ್ಟು ಒಂದು ಸಲವೂ ತುಂಬಿಲ್ಲ. ಎಂತ ಕ್ಲೀನ್ ಮಾಡುವುದು?’ ಈ ಮಾತನ್ನು ಹೆಮ್ಮೆಯಿಂದ ಹೇಳಲಾಗುತ್ತದೆ. ಪೊಲೀಸರ ಮುಂದಾದರೆ ಇದು ತಪ್ಪೊಪ್ಪಿಗೆ. ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕು ಮೊದಲ ಕೆಲವು ವಾರಗಳಲ್ಲೇ ತುಂಬುತ್ತದೆ, ಆಮೇಲೆ ಯಾವಾಗಲೂ ತುಂಬಿಯೇ ಇರುತ್ತದೆ. ಎಷ್ಟು ಒಳಬಂತೋ ಅಷ್ಟು ತಿಳಿನೀರು ಇಂಗುಗುಂಡಿಗೆ ಹೋಗುತ್ತದೆ. ಗಟ್ಟಿ ತಳದಲ್ಲಿ ಕೂರುತ್ತದೆ, ಜಿಡ್ಡು ಮೇಲೆ ಕೆನೆಗಟ್ಟುತ್ತದೆ. ತಳದ ಹೂಳು ಏರುತ್ತ ಬಂದು ತಿಳಿನೀರಿನ ಜೊತೆ ತಾನೂ ಇಂಗುಗುಂಡಿಗೆ ಹೊರಟರೆ ಅಲ್ಲಿನ ಮಣ್ಣಿನ ರಂಧ್ರಗಳು ಮುಚ್ಚಿದವು, ಇನ್ನು ಎಷ್ಟು ಬಳಿದರೂ ಇಂಗುವುದಿಲ್ಲ. ಅದಕ್ಕೇ ಕೇಂದ್ರ ಸರ್ಕಾರದ ಕೈಪಿಡಿಗಳು ಎರಡು–ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಿ ಎನ್ನುವುದು. ಇಪ್ಪತ್ತು ವರ್ಷ ತುಂಬದ ಟ್ಯಾಂಕಿಗೆ ಬಹುಮಟ್ಟಿಗೆ ತಳವೇ ಇಲ್ಲ. ತಳದ ಕಾಂಕ್ರೀಟಿನ ದುಡ್ಡು ಉಳಿಸಿ, ಮನೆಯ ಸಕಲವನ್ನೂ ಭೂಮಿತಾಯಿಗೆ ಒಪ್ಪಿಸಿದ ಏರ್ಪಾಡು ಅದು.

ಎರಡನೆಯ ವಾದ ದೈವದ ಮೇಲೆ. ಪೈಪು ಕಟ್ಟಿಕೊಳ್ಳುವುದು ಯಾವಾಗಲೂ ಸೆಪ್ಟೆಂಬರ್ 3ರ ಕೈಲ್ ಮುಹೂರ್ತದ ದಿನವೇ, ಮನೆ ತುಂಬ ಜನವಿದ್ದಾಗಲೇ. ಎಂಥ ಗ್ರಹಚಾರ ನೋಡಿ ಎನ್ನುತ್ತಾರೆ. ಗ್ರಹಗಳನ್ನು ಬಿಟ್ಟು ಮನೆಯ ಹಿಂಬದಿ ನೋಡಿದರೆ ವಿಷಯ ತಿಳಿಯುತ್ತದೆ. ಮೂರು ತಿಂಗಳ ಮಳೆ ಕುಡಿದ ಮಣ್ಣಿಗೆ ಇನ್ನೊಂದು ಲೋಟ ನೀರೂ ಬೇಡವಾಗಿದೆ. ಪಂದಿಕರಿಯ ಕೊಬ್ಬು ಬಿಸಿನೀರಿನ ಜೊತೆ ಸಿಂಕಿನಲ್ಲಿ ಸರಾಗವಾಗಿ ಇಳಿದು, ತಣ್ಣನೆಯ ಪೈಪಿನಲ್ಲಿ ಹತ್ತಡಿ ಹೋಗುವಷ್ಟರಲ್ಲಿ ಹೆಪ್ಪುಗಟ್ಟಿ, ವರ್ಷವಿಡೀ ಚೆಲ್ಲಿದ ಕಾಫಿ ಚರಟವನ್ನು ಅಪ್ಪಿಕೊಂಡಿದೆ. ಇದರ ಮೇಲೆ ಒಬ್ಬ ಜಾಣ ಮೇಸ್ತ್ರಿ, ಬೇರೆ ಚರಂಡಿ ತೆಗೆಯುವ ಉಸಾಬರಿ ತಪ್ಪಿಸಲು, ಚಾವಣಿಯ ಮಳೆನೀರಿನ ಪೈಪನ್ನೂ ಅದೇ ಚೇಂಬರಿಗೆ ತಿರುಗಿಸಿ ಹೋಗಿದ್ದಾನೆ. ಸಾವಿರ ಚದರಡಿಯ ಚಾವಣಿಗೆ ನಾಲ್ಕಿಂಚು ಮಳೆ ಬಿದ್ದರೆ ಒಂಬತ್ತು ಸಾವಿರ ಲೀಟರಿಗೂ ಮಿಕ್ಕಿ ನೀರು. ಕೊಡಗಿನ ಮಳೆಗಾಲದಲ್ಲಿ ಅದು ಒಂದು ಹಗಲಿನ ಮಾತು. ಅಷ್ಟು ನೀರು ಟ್ಯಾಂಕಿಗೆ ನುಗ್ಗಿ, ಕೂತ ಹೂಳನ್ನೆಲ್ಲ ಎಬ್ಬಿಸಿಕೊಂಡು ಆಚೆ ಹೋಗುತ್ತದೆ. ಡೈರಿಯಲ್ಲಿ ‘4 ಇಂಚು 10 ಸೆಂಟು’ ಎಂದು ದುಂಡಗೆ ಬರೆದ ಯಜಮಾನರು ಆ ಅಂಕಿಯನ್ನು ತಮ್ಮ ಚಾವಣಿಯ ಅಳತೆಯಿಂದ ಗುಣಿಸಿದವರಲ್ಲ. ಎಲ್ಲವೂ ಜಾರುವ ಈ ಊರಿನಲ್ಲಿ ಮನೆಯಿಂದ ಟ್ಯಾಂಕಿಗೆ ಹೋಗುವ ನಾಲ್ಕಿಂಚಿನ ಪೈಪೊಂದನ್ನೇ ಮಟ್ಟಸವಾಗಿ ಮಲಗಿಸಿರುವುದೂ ಒಂದು ಸೋಜಿಗ. 40 ಅಡಿಗೆ ಒಂದಡಿ ಇಳುಕಲು ಕೊಟ್ಟಿದ್ದರೆ ಸಾಕಿತ್ತು.

ಮದ್ದು ಮಾಡುವುದೇ ಇಲ್ಲ ಎಂದಲ್ಲ. ಕಟ್ಟಿಕೊಂಡ ಮೇಲೆ ಆಸಿಡ್ ಸುರಿಯುತ್ತಾರೆ, ಅದು ಒಳಗಿನ ಮಲವನ್ನು ಕರಗಿಸುತ್ತಿದ್ದ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಹುಟ್ಟಿಸಲು ಯಾರೋ ಹೇಳಿದ ಪುಡಿ ತಂದು ಸುರಿಯುತ್ತಾರೆ. ನಿಜಕ್ಕೂ ಬೇಕಾದ್ದು ಇಷ್ಟು ನಾಟಕೀಯವಲ್ಲ. ಸಿಂಕಿಗೊಂದು ಜಾಲರಿ, ಜಿಡ್ಡನ್ನು ತೊಳೆಯುವ ಮೊದಲು ಒರೆಸಿ ತೆಗೆಯುವ ಕಾಗದ, ಮಳೆಪೈಪಿಗೆ ಬೇರೆ ದಾರಿ, ವರ್ಷಕ್ಕೊಮ್ಮೆ ಚೇಂಬರಿನ ಮುಚ್ಚಳ ಎತ್ತಿ ಬೇರು ಹೊಕ್ಕಿದೆಯೇ ಎಂದು ನೋಡುವ ಕಣ್ಣು, ಎರಡು–ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಮಿಷನ್.

‘ಆ ಗಾಡಿ ಎಳೆದದ್ದನ್ನು ಎಲ್ಲಿ ಸುರೀತದೆ?’ ಎಂದು ಯಜಮಾನರು ಇಲ್ಲಿ ತಡೆದು ಕೇಳುತ್ತಾರೆ. ಅವರ ಎಲ್ಲ ತಕರಾರುಗಳಲ್ಲಿ ನಾನು ತಲೆಬಾಗುವುದು ಇದೊಂದಕ್ಕೆ. ತೋಡಿಗೆ ಸುರಿಯುವುದಾದರೆ ಇಷ್ಟೆಲ್ಲ ಖರ್ಚು ಮಾಡಿದ್ದು ದಾರಿ ಬದಲಿಸಲು ಮಾತ್ರ. ದೇವನಹಳ್ಳಿಯಲ್ಲಿ 2015ರಿಂದ ಮಲಹೂಳನ್ನೇ ಸಂಸ್ಕರಿಸುವ ಘಟಕವಿದೆ; ಸಣ್ಣ ಊರಿಗೂ ಇದು ಸಾಧ್ಯ ಎಂದು ತೋರಿಸಿದ ಕೆಲಸ ಅದು. ಅಂಥದ್ದನ್ನು ಪಂಚಾಯಿತಿಯಲ್ಲಿ ಎದ್ದು ನಿಂತು ಕೇಳುವ ಗಂಟಲೂ ಯಜಮಾನರಿಗುಂಟು, ಆನೆ ಕಾಟದ ಸಭೆಗಳಲ್ಲಿ ಅದು ಸಾಬೀತಾಗಿದೆ. ಆದರೆ ಈ ಪ್ರಶ್ನೆಯನ್ನು ಅವರು ಕೇಳುವುದು ಉತ್ತರಕ್ಕಲ್ಲ, ಗಾಡಿ ಕರೆಸದಿರುವುದಕ್ಕೆ. ಕರೆಸದೆ ತೀರದ ದಿನ ಬಂದಾಗ ‘ಗಾಡಿ ಯಾಕೆ, ಲೈನ್‌ಮನೆಯಿಂದ ಒಬ್ಬನನ್ನು ಇಳಿಸಿದ್ರಾಯ್ತು’ ಎನ್ನುತ್ತಾರಲ್ಲ, ನಗುವ ಮಾತು ಅಲ್ಲಿಗೆ ಮುಗಿಯಿತು. ರಕ್ಷಣೆಯಿಲ್ಲದೆ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯಡಿ ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ತಾನು ಮೂಗು ಮುಚ್ಚಿಕೊಂಡು ದೂರ ನಿಲ್ಲುವ ಗುಂಡಿಗೆ ಇನ್ನೊಬ್ಬನನ್ನು ಇಳಿಸುವುದು, ಕೆಳಗಿನ ಮನೆಯ ಬಾವಿಯ ಲೆಕ್ಕಾಚಾರವೇ ಇನ್ನೂ ಕೆಳಕ್ಕೆ ಇಳಿದದ್ದು.

ಸಮಯವಿಲ್ಲ ಎಂಬ ಕೊನೆಯ ನೆಪ ಮಾತ್ರ ಕೊಡಗಿನ ಪಂಚಾಂಗದ ಮುಂದೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಟ್ಯಾಂಕ್ ಬರಿದು ಮಾಡುವುದು ಅಪಾಯ, ಸುತ್ತಲಿನ ನೀರಿನ ಒತ್ತಡಕ್ಕೆ ಗೋಡೆ ಬಿರಿಯಬಹುದು. ಕೊಯ್ಲು ಮುಗಿದು, ಕಣ ಬರಿದಾಗಿ, ನೆಲ ಗಟ್ಟಿಯಾಗಿ, ಗಾಡಿ ಅಂಗಳದವರೆಗೂ ಬರಬಲ್ಲ ಫೆಬ್ರವರಿ–ಮಾರ್ಚ್ ಇದಕ್ಕೆ ಹೇಳಿ ಮಾಡಿಸಿದ ಕಾಲ. ಆಗ ಯಜಮಾನರ ಮುಖ್ಯ ಉದ್ಯೋಗ ಹೂಮಳೆಗಾಗಿ ಆಕಾಶ ನೋಡುವುದು. ಅರ್ಧ ದಿನ ಕೆಳಗೆ ನೋಡಿದರೆ ಮೋಡವೇನೂ ಮುನಿಸಿಕೊಳ್ಳುವುದಿಲ್ಲ.