ನೀರೊಳಗೊಂದು ಜಮಖಾನೆ

ಅಕ್ವೇರಿಯಂ ಇಡುವವರಲ್ಲಿ ಎರಡು ಜಾತಿ. ಮೀನು ಸಾಕುವವರು ಒಂದು. ಮೀನಿಗೆ ನೆಪಕ್ಕಷ್ಟು ಜಾಗ ಬಿಟ್ಟು ಹುಲ್ಲು ಸಾಕುವವರು ಇನ್ನೊಂದು. ಈ ಎರಡನೆಯ ಜಾತಿಯ ಗುರು ಜಪಾನಿನ ತಕಾಶಿ ಅಮಾನೊ (1954–2015). ಛಾಯಾಗ್ರಾಹಕರಾಗಿದ್ದ ಅವರು ಗಾಜಿನ ತೊಟ್ಟಿಯೊಳಗೆ ಬೆಟ್ಟ, ಕಣಿವೆ, ಹುಲ್ಲುಗಾವಲು ನಿಲ್ಲಿಸಿ ಜಗತ್ತೇ ಬಾಯಿ ಬಿಡುವಂತೆ ಮಾಡಿದರು. ಅವರ ತೊಟ್ಟಿಯ ಫೋಟೊ ನೋಡಿದವರಿಗೆಲ್ಲ ‘ಅಯ್ಯೋ, ಇಷ್ಟೇನಾ, ಇದನ್ನು ನಾನೂ ಮಾಡಬಲ್ಲೆ’ ಅನ್ನಿಸಿಬಿಡುತ್ತದೆ. ಅದೇ ಅಪಾಯ.

ನೀರೊಳಗೆ ಹಸಿರು ಜಮಖಾನೆ ಹಾಸುತ್ತೇನೆ ಎಂದು ಅಮ್ಮನೆದುರು ಘೋಷಿಸಿ, ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತಂದೆ. ಇಂಥ ತೊಟ್ಟಿ ಸುಮಾರು 56 ಲೀಟರ್ ಹಿಡಿಯುತ್ತದೆ. ಅಂದರೆ ಗಾಜು, ಮಣ್ಣು, ಕಲ್ಲು ಬಿಟ್ಟು ಬರೀ ನೀರೇ 56 ಕೆಜಿ. ಈ ಲೆಕ್ಕ ನನಗೆ ಹೇಳಿಕೊಟ್ಟಿದ್ದು ಕೆಳಗಿದ್ದ ಪ್ಲೈವುಡ್ಡಿನ ಚಪ್ಪಲಿ ಸ್ಟ್ಯಾಂಡು, ಅರ್ಧ ನೀರು ತುಂಬುವಷ್ಟರಲ್ಲಿ ‘ಕಿರ್’ ಎಂದು. ತೊಟ್ಟಿ ಅಡುಗೆಮನೆಯ ಕಲ್ಲಿನ ಕಟ್ಟೆಗೆ ಹೋಯಿತು, ಮಿಕ್ಸಿ ನೆಲಕ್ಕೆ ಬಂತು. ಹೆಂಡತಿ ಏನೂ ಅನ್ನಲಿಲ್ಲ. ಚಟ್ನಿ ಮಾತ್ರ ನಿಂತುಹೋಯಿತು.

ಗಿಡ ಮಾಂಟೆ ಕಾರ್ಲೊ. ಕೊತ್ತಂಬರಿ ಬೀಜದಷ್ಟಗಲದ ದುಂಡು ಎಲೆ, ನೂಲಿನ ಬೇರು. ಕಪ್ಪಿನಲ್ಲಿ ಬಂದ ಗೊಂಚಲನ್ನು ಚಿಟಿಕೆ ಚಿಟಿಕೆಯಾಗಿ ಬಿಡಿಸಿ ಒಂದೊಂದನ್ನೂ ಮಣ್ಣಿಗೆ ಚುಚ್ಚಬೇಕು. ಅದಕ್ಕೆ ಉದ್ದನೆಯ ಚಿಮಟವೇ ಬೇರೆ ಇದೆ. ಯಾಕೆ ಖರ್ಚು ಎಂದು ಹೆಂಡತಿಯ ಹುಬ್ಬು ಕೀಳುವ ಚಿಮಟ ಎತ್ತಿಕೊಂಡೆ. ಕೀಳಲೆಂದೇ ಹುಟ್ಟಿದ ಚಿಮಟಕ್ಕೆ ನೆಡುವುದು ಎಲ್ಲಿಂದ ಬರಬೇಕು? ಚುಚ್ಚಿ, ಬಿಟ್ಟು, ಕೈ ಎತ್ತಿದರೆ ಗಿಡವೂ ಜೊತೆಗೇ ಎದ್ದು ಬರುತ್ತಿತ್ತು. ಅಂತೂ ನೆಟ್ಟು ಮುಗಿಸಿದೆ. ನೀರು ತುಂಬುವಾಗ ಮಣ್ಣಿನ ಮೇಲೆ ತಟ್ಟೆ ಇಟ್ಟು ಅದರ ಮೇಲೆ ಮೆಲ್ಲಗೆ ಸುರಿಯಬೇಕು. ಕಾವೇರಿ ನೀರು ನಿಲ್ಲುವ ಹೊತ್ತು, ಮೆಲ್ಲಗೆ ಎಲ್ಲಿಯ ಮಾತು? ಬಕೆಟ್ಟನ್ನೇ ಬಗ್ಗಿಸಿದೆ. ಇಡೀ ತೋಟ ಮೇಲೆದ್ದು ತೇಲಿತು.

ಮತ್ತೆ ನೆಟ್ಟೆ. ಈ ಸಲ ಎಲೆ ಕರಗಿತು. ನರ್ಸರಿಯಲ್ಲಿ ಗಾಳಿಗೆ ಬೆಳೆದ ಎಲೆ ನೀರಲ್ಲಿ ಬಾಳುವುದಿಲ್ಲ; ಅದು ಹೋಗಿ ನೀರಿಗೆ ಒಗ್ಗುವ ಹೊಸ ಎಲೆ ಬರಬೇಕು. ಮೀನನ್ನಾದರೂ ಬಿಡೋಣವೆಂದರೆ ಹೊಸ ಮಣ್ಣು ಅಮೋನಿಯ ಕಾರುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ವಾರಗಟ್ಟಲೆ ಬೇಕು. ಮನೆಗೆ ಬಂದವರು ಗಾಜಿಗೆ ಮೂಗು ಒತ್ತಿ ‘ಮೀನೆಲ್ಲಿ?’ ಅನ್ನುವರು. ‘ಸದ್ಯಕ್ಕೆ ಬ್ಯಾಕ್ಟೀರಿಯಾ ಸಾಕ್ತಿದ್ದೀನಿ’ ಅನ್ನುತ್ತಿದ್ದೆ. ಆಮೇಲೆ ಅವರು ನಮ್ಮನೆ ಕಾಫಿ ಮುಟ್ಟುತ್ತಿರಲಿಲ್ಲ.

ಹುಲ್ಲು ದಟ್ಟವಾಗಿ ಹಬ್ಬಬೇಕಾದರೆ ಇಂಗಾಲದ ಡೈಆಕ್ಸೈಡ್ ಕೊಡಬೇಕು. ಸಿಲಿಂಡರಿನ ಬೆಲೆ ಕೇಳಿ ಬಡವರ ದಾರಿ ಹಿಡಿದೆ: ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ, ಸಕ್ಕರೆ ನೀರು, ಚಿಟಿಕೆ ಈಸ್ಟು, ಮುಚ್ಚಳಕ್ಕೆ ತೂತು, ತೂತಿನಿಂದ ತೊಟ್ಟಿಗೆ ಪೈಪು. ಈಸ್ಟು ಸಕ್ಕರೆ ತಿಂದು ಗ್ಯಾಸೂ ಬಿಡುತ್ತದೆ, ಆಲ್ಕೋಹಾಲೂ ಮಾಡುತ್ತದೆ. ಮೊದಲನೆಯದು ಗಿಡಕ್ಕೆ ಸೇರಿತು. ಎರಡನೆಯದು ತಂಗಿಯ ಮನೆಯ ಬೀಗರ ಮೂಗಿಗೆ ಸೇರಿತು.

‘ಏನೋ ಹುಳಿ ಬಂದ ಹಾಗಿದೆಯಲ್ಲ?’ ಎಂದರು, ನನ್ನ ಮುಖವನ್ನೇ ನೋಡುತ್ತ.

‘ಏನಿಲ್ಲ ಬೀಗರೆ, ಗಿಡಕ್ಕೆ ಹಾಕೋದು’ ಎಂದಳು ಅಮ್ಮ.

‘ಗಿಡ ಕುಡಿಯುತ್ತಾ?’

ಅಂದು ರಾತ್ರಿಯೇ ಏಪ್ರಿಲ್ ಸೆಕೆಗೆ ಬಾಟಲಿಯೂ ಉಕ್ಕಿತು. ಚಿಟಿಕೆ ಅಂದ ಕಡೆ ನಾನು ಧಾರಾಳವಾಗಿ ಚಮಚ ಹಾಕಿದ್ದೆ. ನಡುವೆ ಒಂದು ಖಾಲಿ ಬಾಟಲಿ ಜೋಡಿಸಿದ್ದರೆ ನೊರೆ ಅಲ್ಲೇ ತಂಗುತ್ತಿತ್ತು. ನನ್ನದು ನೇರ ವ್ಯವಹಾರ. ಬೆಳಿಗ್ಗೆ ತೊಟ್ಟಿಯ ನೀರು ಬೆಳ್ಳಗೆ ಕದಡಿ, ಅಡುಗೆಮನೆ ಹೆಂಡದಂಗಡಿಯ ವಾಸನೆ ಹೊಡೆಯುತ್ತಿತ್ತು.

ದೀಪ ಆರೇಳು ಗಂಟೆ ಉರಿದರೆ ಸಾಕು ಎಂದು ಬಲ್ಲವರು ಹೇಳಿದ್ದರು. ಜಿಪುಣತನ ಯಾಕೆಂದು ನಾನು ಹಾಲಿನವನು ಬರುವ ಹೊತ್ತಿನಿಂದ ರಾತ್ರಿ ವಾರ್ತೆಯ ತನಕ ಉರಿಸಿದೆ. ಮೊದಲು ಕಂದು ಪಾಚಿ, ಬೆನ್ನಿಗೇ ಉದ್ದುದ್ದ ಎಳೆಯ ಹಸಿರು ಪಾಚಿ. ‘ಇದಕ್ಕೆ ಇಷ್ಟು ದುಡ್ಡು ಸುರಿಬೇಕಿತ್ತೇನೋ? ನಮ್ಮ ಸಂಪಲ್ಲಿ ಪುಕ್ಕಟೆ ಬೆಳೆಯುತ್ತೆ’ ಎಂದಳು ಅಮ್ಮ. ಗಿಡದ ಜೊತೆ ಟಿಕೆಟ್ಟಿಲ್ಲದೆ ಬಂದ ಬಸವನಹುಳುವೊಂದು ಜೋಡಿಯ ಹಂಗೇ ಇಲ್ಲದೆ ಸಂಸಾರ ಹೂಡಿತ್ತು. ತೊಟ್ಟಿಯಲ್ಲಿ ಸುಖವಾಗಿದ್ದದ್ದು ಅದೊಂದೇ.

ದೀಪ ತಗ್ಗಿಸಿ, ನೀರು ಬದಲಿಸಿ, ಹಲ್ಲುಜ್ಜುವ ಹಳೇ ಬ್ರಶ್ಶಿಗೆ ಪಾಚಿ ಸುತ್ತಿ ಸುತ್ತಿ ಎಳೆದು, ಕೊನೆಗೂ ಗಪ್ಪಿ ಮೀನು ಬಿಟ್ಟೆ. ಮಾಂಟೆ ಕಾರ್ಲೊ ಅದ್ಯಾವ ಗಳಿಗೆಯಲ್ಲಿ ಮನಸ್ಸು ಮಾಡಿತೋ, ಹಬ್ಬಿಯೇ ಹಬ್ಬಿತು. ಹಬ್ಬಿದ್ದನ್ನು ಆಗಾಗ ಕತ್ತರಿಸದಿದ್ದರೆ ಅಡಿಯ ಪದರಕ್ಕೆ ಬೆಳಕು ಸಿಗದೆ ಕೊಳೆತು ಬೇರಿನ ಹಿಡಿತ ತಪ್ಪುತ್ತದೆ ಎಂದು ಓದಿದ್ದೆ. ಓದಿದರೇನು, ಇಷ್ಟು ಪಾಡುಪಟ್ಟು ಬೆಳೆಸಿದ್ದಕ್ಕೆ ಕತ್ತರಿ ಹಾಕುವ ಎದೆ ಯಾರಿಗಿದೆ? ಒಂದು ಬೆಳಿಗ್ಗೆ ನೋಡಿದರೆ ಅಷ್ಟೂ ಹುಲ್ಲು ಒಂದೇ ಹಾಸಾಗಿ ಎದ್ದು ನೀರಿನ ನೆತ್ತಿಯಲ್ಲಿ ತೇಲುತ್ತಿತ್ತು. ಕೆಳಗೆ ಬೋಳು ಮಣ್ಣು, ನೆರಳಲ್ಲಿ ಗಪ್ಪಿಗಳ ಸಭೆ.

ಅಮ್ಮ ಕಾಫಿ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿದಳು. ‘ಜಮಖಾನೆ ಹಾಸ್ತೀನಿ ಅಂತ ಹೊರಟೋನು ಚಪ್ಪರ ಹಾಕಿದ್ದೀಯಲ್ಲೋ! ಇರಲಿ ಬಿಡು, ಭಾನುವಾರ ಬೀಗರು ಮತ್ತೆ ಬರ್ತಾರಂತೆ.’