ಗಮನಮೀಮಾಂಸೆ ಅಥವಾ ಮಾರಿಕುಪ್ಪಂ ನಾಯಿ ಸರ್ಕಾರದ ಗಮನಕ್ಕೆ ಬಂದ ಬಗೆ

ಕೇಶಿರಾಜ ಕನ್ನಡ ವ್ಯಾಕರಣಕ್ಕೆ ಎಂಟು ಅಧ್ಯಾಯ ಬರೆದು, ಸಾಲದೆಂದು ಕೊನೆಯಲ್ಲಿ ಪ್ರಯೋಗಸಾರವನ್ನೂ ಸೇರಿಸಿದ. ಆದರೆ ಹದಿಮೂರನೆಯ ಶತಮಾನದಲ್ಲಿ ಪ್ರಶ್ನೋತ್ತರ ಕಲಾಪ ಇರಲಿಲ್ಲ. ಹೀಗಾಗಿ ಮಂತ್ರಿಗಳ ಉತ್ತರದ ವ್ಯಾಕರಣ ಇಂದಿಗೂ ಬಾಕಿ ಉಳಿದಿದೆ. ಆ ಬಾಕಿಯಲ್ಲಿ ಒಂದು ಕಂತನ್ನಾದರೂ ತೀರಿಸೋಣವೆಂದು ಈ ಪ್ರಬಂಧ. ವಿಷಯ, ಪ್ರಾಣಿಗಳ ಬಗ್ಗೆ ಶಾಸಕರು ಕೇಳುವ ಪ್ರಶ್ನೆ, ಮಂತ್ರಿಗಳು ಕೊಡುವ ಉತ್ತರ, ಅವೆರಡರ ನಡುವೆ ಕಾಲು ಚಾಚಿ ಮಲಗಿರುವ ನಾಯಿ. ಕ್ಷೇತ್ರಕಾರ್ಯ ನಡೆದದ್ದು ಕೋಲಾರ ಚಿನ್ನದ ಗಣಿ ಸೀಮೆಯಲ್ಲಿ, ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲು ಹಳಿಯ ಆಚೀಚೆ. ಕ್ಷೇತ್ರಕಾರ್ಯದ ವೆಚ್ಚವನ್ನು, ಅಂದರೆ ಎರಡು ಟೀ, ಒಂದು ಬನ್ನು, ಒಂದು ಪ್ಲೇಟು ಪಾನಿಪೂರಿಯ ಹಣವನ್ನು, ಸಂಶೋಧಕನೇ ಭರಿಸಿದ್ದಾನೆ.

ಮೊದಲು ಸೂತ್ರ. ಸದನದ ಉತ್ತರದ ಹಾಳೆ ನೋಡಿದವರಿಗೆ ಗೊತ್ತು: ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಪಕ್ಕದಲ್ಲಿ (ಅ), (ಆ), (ಇ). ಇಡೀ ಶಾಸ್ತ್ರ ನಿಂತಿರುವುದು (ಅ)ದ ಮೇಲೆ. ಅದು ಯಾವಾಗಲೂ ಒಂದೇ ಬಗೆ: ‘ಇಂಥದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಉತ್ತರವೂ ಒಂದೇ ಪದ: ‘ಬಂದಿದೆ.’

ಇಲ್ಲಿ ಧಾತುವಿಚಾರ ಅಗತ್ಯ. ಸಂಸ್ಕೃತದಲ್ಲಿ ‘ಗಮ್’ ಎಂದರೆ ಹೋಗು. ಆಗಮನ, ನಿರ್ಗಮನಗಳೆಲ್ಲ ಅದರ ಮಕ್ಕಳು. ನಾವು ಕನ್ನಡಿಗರು ‘ಗಮನ’ಕ್ಕೆ ಲಕ್ಷ್ಯ ಎಂಬ ಅರ್ಥವನ್ನು ಆಮೇಲೆ ಹಚ್ಚಿಕೊಂಡೆವು. ಸರ್ಕಾರ ಮಾತ್ರ ಮೂಲಾರ್ಥವನ್ನು ಬಿಟ್ಟುಕೊಟ್ಟಿಲ್ಲ. ಅದರ ‘ಗಮನಕ್ಕೆ ಬಂದಿದೆ’ ಎಂಬ ಮಾತಿನ ಶುದ್ಧ ತಾತ್ಪರ್ಯ ‘ಹೋಗುವುದಕ್ಕೆಂದೇ ಬಂದಿದೆ’ ಎಂದು. ವಿಭಕ್ತಿಯೂ ಇದನ್ನೇ ಹೇಳುತ್ತದೆ. ಸಮಸ್ಯೆಗಳು ಸರ್ಕಾರದ ಗಮನ‘ಕ್ಕೆ’ ಬರುತ್ತವೆ, ಚತುರ್ಥಿ. ಸದಸ್ಯರು ಅವನ್ನು ಗಮನಕ್ಕೆ ತರುತ್ತಾರೆ, ಅದೂ ಚತುರ್ಥಿ. ಬಂದದ್ದು ಗಮನ‘ದಲ್ಲಿ’ ಮನೆ ಮಾಡಿಕೊಂಡು ಸಂಸಾರ ಹೂಡಿದ ದಾಖಲೆ ವಿರಳ. ಗಮನವೆನ್ನುವುದು ಬಂಗಾರಪೇಟೆ ಜಂಕ್ಷನ್ ಇದ್ದ ಹಾಗೆ. ಎಲ್ಲ ಗಾಡಿಯೂ ಬರುತ್ತದೆ, ಯಾವುದೂ ಅಲ್ಲೇ ಉಳಿಯುವುದಿಲ್ಲ.

ಇನ್ನು ಕರ್ತೃ. ‘ಕ್ರಮ ಕೈಗೊಳ್ಳಲಾಗುವುದು’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’, ‘ಪರಿಶೀಲಿಸಲಾಗುವುದು’. ಯಾರು ಕೈಗೊಳ್ಳುತ್ತಾರೆ? ಯಾರ ಕೈ? ಲೋಕದಲ್ಲಿ ಕರ್ತೃವಿಲ್ಲದೆ ನಡೆಯುವ ಕ್ರಿಯೆಗಳು ಮಳೆ, ಮಿಂಚು, ಮತ್ತು ಸರ್ಕಾರ. ಮಳೆಗೆ ‘ಬಂತು’ ಎಂಬ ಭೂತಕಾಲವಾದರೂ ಇದೆ.

ಈಗ ಉದಾಹರಣೆಗೆ ಬರೋಣ. ಮಾರಿಕುಪ್ಪಂ ನಿಲ್ದಾಣದ ಹತ್ತಿರ ಟೀ ಅಂಗಡಿಯೊಂದರ ಬೆಂಚಿನ ಕೆಳಗೆ ಕಂದು ಬಣ್ಣದ, ಎಡಗಿವಿ ಹರಿದ ನಾಯಿಯೊಂದಿದೆ. ಹೆಸರೇನೆಂದು ಅಂಗಡಿಯ ಅಕ್ಕನನ್ನು ಕೇಳಿದೆ.

‘ಇಲ್ಲಿ ಮಣಿ ಅಂತೀವಿ ಸಾರ್. ಲೈನ್‌ ಕಡೆ ಹೋದ್ರೆ ಟೈಗರ್. ಪೇಟೆಲಿ ಏನಂತಾರೋ ಗೊತ್ತಿಲ್ಲ, ಕಲ್ಲೇ ಹೊಡೀತಾರೆ.’

‘ಯಾರ ನಾಯಿ ಅಕ್ಕಾ?’

‘ಯಾರ್ದೂ ಅಲ್ಲ. ಟ್ರೈನ್‌ದು.’

ಈ ಉತ್ತರದ ಆಳ ನನಗೆ ಅರ್ಥವಾಗಲು ಮೂರು ದಿನ ಹಿಡಿಯಿತು. ಮಣಿಯ ದಿನಚರಿ ಹೀಗಿದೆ. ಬೆಳಗಿನ ಜಾವ ಬೆಂಗಳೂರಿಗೆ ಕೂಲಿಗೆ, ಕಂಪನಿಗೆ, ಕಾಲೇಜಿಗೆ ಹೋಗುವವರು ಬುತ್ತಿ ಹಿಡಿದು ಪ್ಲಾಟ್‌ಫಾರ್ಮ್ ತುಂಬುವಾಗ ಅದೂ ಅಲ್ಲಿರುತ್ತದೆ. ಆಗ ಅದು ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದ ನಾಯಿ. ಗಾಡಿ ಹೊರಟ ಮೇಲೆ ಹಳಿ ದಾಟಿ, ಬಿಸಿಲು ಕಾಯಿಸಿಕೊಳ್ಳಲು ಸೈನೈಡ್ ಗುಡ್ಡ ಹತ್ತುತ್ತದೆ. ಹೊರಗಿನವರಿಗೆ ಹೇಳಬೇಕಾದ ಮಾತು: ಇದು ದೇವರು ಮಾಡಿದ ಗುಡ್ಡವಲ್ಲ. ನೂರಿಪ್ಪತ್ತು ವರ್ಷ ಕಲ್ಲು ಕುಟ್ಟಿ, ಪುಡಿ ಮಾಡಿ, ಸೈನೈಡ್‌ನಲ್ಲಿ ತೊಳೆದು ಚಿನ್ನ ತೆಗೆದುಕೊಂಡ ಮೇಲೆ ಉಳಿದ ಬೂದು ಮಣ್ಣಿನ ರಾಶಿ. ಅಂಥ 13 ಗುಡ್ಡಗಳನ್ನು ಮತ್ತೆ ಸೋಸಿ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಗುಡ್ಡ ಭಾರತ್ ಗೋಲ್ಡ್ ಮೈನ್ಸ್‌ನದು, ಅಂದರೆ ಕೇಂದ್ರ ಗಣಿ ಸಚಿವಾಲಯದ್ದು. ಹತ್ತು ಗಂಟೆಯ ಹೊತ್ತಿಗೆ ಮಣಿ ಹೀಗೆ ಕೇಂದ್ರದ ಪ್ರಾಣಿ. ಮಧ್ಯಾಹ್ನ ಹಸಿವಾದರೆ ಇಳಿದು ಆಂಡರ್ಸನ್‌ಪೇಟೆಯ ಮಾಂಸದಂಗಡಿಗಳ ಮುಂದೆ ನಿಲ್ಲುತ್ತದೆ. ಅಲ್ಲಿ ಅದು ನಗರಸಭೆಗೆ, ಆ ಮೂಲಕ ಪೌರಾಡಳಿತ ಸಚಿವರಿಗೆ ಸೇರಿದ್ದು. ಊರಾಚೆ ಒಂದಿಷ್ಟು ಅಲೆದರೆ ಪಂಚಾಯಿತಿ, ಅಂದರೆ ಗ್ರಾಮೀಣಾಭಿವೃದ್ಧಿ. ಕಾಯಿಲೆ ಬಿದ್ದರೆ ಪಶುಸಂಗೋಪನೆ. ಯಾರನ್ನಾದರೂ ಕಚ್ಚಿದರೆ, ಕಚ್ಚಿದ ಹಲ್ಲು ನಗರಸಭೆಯದಾಗಿ ಉಳಿದು, ಕಚ್ಚಿಸಿಕೊಂಡ ಕಾಲು ಆರೋಗ್ಯ ಇಲಾಖೆಗೆ ವರ್ಗವಾಗುತ್ತದೆ. ದೆಹಲಿಯಲ್ಲಿ ನಾಯಿಯ ಕ್ಷೇಮ ನೋಡಿಕೊಳ್ಳುವ ಸಚಿವಾಲಯದ ಹೆಸರು ‘ಮೀನುಗಾರಿಕೆ’ ಎಂದು ಶುರುವಾಗುತ್ತದೆ. ಮಣಿ ಈವರೆಗೆ ಮೀನು ಹಿಡಿದದ್ದಿಲ್ಲ. ಒಣಮೀನು ಕದ್ದದ್ದುಂಟು.

ಸಂವಿಧಾನವೂ ಈ ಸಿದ್ಧಾಂತಕ್ಕೆ ಅನುಕೂಲವಾಗಿಯೇ ಇದೆ. ಜಾನುವಾರು ತಳಿ ಮತ್ತು ಪಶುವೈದ್ಯ ರಾಜ್ಯಪಟ್ಟಿಯ 15ನೆಯ ನಮೂದು. ದನದ ದೊಡ್ಡಿ 16ನೆಯದು. ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯ 17. ಕಾಡುಪ್ರಾಣಿ ಮೊದಲು ರಾಜ್ಯದ್ದಾಗಿತ್ತು, 1976ರ ನಲವತ್ತೆರಡನೆಯ ತಿದ್ದುಪಡಿಯಲ್ಲಿ ಸಮವರ್ತಿಗೆ ಬಡ್ತಿ ಪಡೆಯಿತು. 48ನೆಯ ವಿಧಿ ರಾಜ್ಯಕ್ಕೆ ವಹಿಸಿರುವುದು ಹಸು, ಕರು, ಹಾಲು ಕೊಡುವ ಮತ್ತು ನೊಗ ಹೊರುವ ಪ್ರಾಣಿಗಳನ್ನು. ಮಣಿ ಹಾಲೂ ಕೊಡುವುದಿಲ್ಲ, ಉಳುವುದೂ ಇಲ್ಲ. ಅದಕ್ಕೆ ಉಳಿದದ್ದು 51ಎ ವಿಧಿಯ (ಜಿ): ಜೀವಿಗಳಲ್ಲಿ ದಯೆಯಿಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ. ಈ ಲೆಕ್ಕದಲ್ಲಿ ಇಡೀ ವ್ಯವಸ್ಥೆಯಲ್ಲಿ ತನ್ನ ಸಾಂವಿಧಾನಿಕ ಕೆಲಸವನ್ನು ದಿನಾ ಬೆಳಿಗ್ಗೆ ತಪ್ಪದೆ ಮಾಡುತ್ತಿರುವವಳು, ಬನ್ನಿನ ತುದಿ ಮುರಿದು ಬೆಂಚಿನ ಕೆಳಗೆ ಎಸೆಯುವ ಅಕ್ಕ.

ದಯೆ ತಪ್ಪಿದರೆ ದಂಡ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಹೊಡೆದು ಹಿಂಸಿಸಿದವನಿಗೆ ಮೊದಲ ತಪ್ಪಿಗೆ 10 ರೂಪಾಯಿಗೆ ಕಡಿಮೆಯಿಲ್ಲದ, 50 ರೂಪಾಯಿಗೆ ಮೀರದ ಜುಲ್ಮಾನೆ. ಚಿನ್ನದ ಊರಿನ ಅಳತೆಯಲ್ಲಿ ಹೇಳುವುದಾದರೆ, ಕಾಯ್ದೆ ಬಂದ ವರ್ಷ ಆ ಐವತ್ತಕ್ಕೆ ಕೆಲವು ಗ್ರಾಂ ಬಂಗಾರ ಬರುತ್ತಿತ್ತು. ಈಗ ಬಂಗಾರಪೇಟೆಯಲ್ಲಿ ಒಂದು ಪ್ಲೇಟು ಪಾನಿಪೂರಿಗೆ ಸಾಕಾದರೆ ಪುಣ್ಯ. ಅಲ್ಲಿನ ಪಾನಿಪೂರಿಯ ನೀರು ಬಾವಿನೀರಿನಷ್ಟು ತಿಳಿ. ನಾಲಿಗೆಗೆ ತಾಗುವವರೆಗೆ ಅದರೊಳಗೆ ಏನಿದೆಯೆಂದು ಗೊತ್ತಾಗುವುದಿಲ್ಲ. ಮಂತ್ರಿಗಳ ಉತ್ತರವೂ ನೋಡಲು ಅಷ್ಟೇ ತಿಳಿ, ಖಾರ ಮಾತ್ರ ಇರುವುದಿಲ್ಲ.

ಪರಂಪರೆಯ ಮಾತು ಬಿಡುವಂತಿಲ್ಲ. ರಾಜ್ಯಸಭೆಗೆ 1952ರಲ್ಲಿ ನಾಮನಿರ್ದೇಶನಗೊಂಡ ನೃತ್ಯಗಾರ್ತಿ ರುಕ್ಮಿಣಿ ದೇವಿ ಅರುಂಡೇಲ್ ಪ್ರಾಣಿಹಿಂಸೆ ತಡೆಯಲು ಖಾಸಗಿ ಮಸೂದೆ ತಂದರು. ಸರ್ಕಾರವೇ ಒಂದು ಮಸೂದೆ ತರುತ್ತದೆ, ನಿಮ್ಮದನ್ನು ಹಿಂತೆಗೆದುಕೊಳ್ಳಿ ಎಂದು ನೆಹರೂ ಕೇಳಿಕೊಂಡರು. ಆಕೆ ಹಿಂತೆಗೆದುಕೊಂಡರು, ಸರ್ಕಾರ ನಿಜವಾಗಿಯೂ ತಂದಿತು. ‘ಲಾಗುವುದು’ ಎಂಬ ಪ್ರತ್ಯಯ ‘ಲಾಯಿತು’ ಆದ ಈ ಅಪರೂಪದ ಪ್ರಯೋಗವನ್ನು ವೈಯಾಕರಣರು ಅಪವಾದವೆಂದು ಗುರುತಿಸಬೇಕು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯಾಯಿತು, ಆಕೆಯೇ ಮೊದಲ ಅಧ್ಯಕ್ಷೆ. ಇದಕ್ಕೆ ಎದುರಾದ ಪಂಥವೂ ನಮ್ಮಲ್ಲೇ ಇದೆ. 2025ರ ಆಗಸ್ಟ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಜೆಡಿಎಸ್‌ನ ಎಸ್.ಎಲ್. ಭೋಜೇಗೌಡರು, ತಾವು ಚಿಕ್ಕಮಗಳೂರು ನಗರಸಭೆಯ ಹೊಣೆಯಲ್ಲಿದ್ದಾಗ 2,800 ನಾಯಿಗಳನ್ನು ಕೊಲ್ಲಿಸಿ ಹೂಳಿಸಿದ್ದಾಗಿ ಹೇಳಿದರು. ಪ್ರಶ್ನೆ ಕೇಳಬೇಕಾದ ಸದಸ್ಯರೇ ಉತ್ತರ ಕೊಟ್ಟ, ಅದೂ ಕರ್ತೃ, ಕರ್ಮ, ಸಂಖ್ಯೆ ಮೂರೂ ಸ್ಪಷ್ಟವಿದ್ದ ಉತ್ತರ ಕೊಟ್ಟ ಪ್ರಸಂಗವಿದು. ಓದಿದಾಗ ಈ ಪ್ರಬಂಧಕಾರನಿಗೆ ಮೊದಲ ಬಾರಿಗೆ ಕರ್ಮಣಿ ಪ್ರಯೋಗದ ಮೇಲೆ ಪ್ರೀತಿ ಬಂತು.

ಆನೆಯ ವಿಷಯ ಇನ್ನೂ ಸೂಕ್ಷ್ಮ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಆಂಧ್ರ, ತಮಿಳುನಾಡಿನ ಕಾಡುಗಳಿಂದ ಆನೆ ಹಿಂಡು ಬಂದು ರಾಗಿ, ಟೊಮೆಟೊ ತುಳಿಯುತ್ತದೆ. ಮೂರು ರಾಜ್ಯಕ್ಕೂ ಸೇರಿದ ಆನೆ ಒಂದು ರಾಜ್ಯದ ಸದನದ ಗಮನಕ್ಕೆ ಮೂರನೆಯ ಒಂದು ಭಾಗ ಬರಬೇಕೋ ಪೂರ್ತಿ ಬರಬೇಕೋ ಎಂಬುದು ಇತ್ಯರ್ಥವಾಗಿಲ್ಲ. ಆನೆ ತುಳಿದು ಸತ್ತವನ ಮನೆಗೆ ಬರುವ ಹಣಕ್ಕೆ ಕಡತದಲ್ಲಿ ‘ದಯಾತ್ಮಕ ಧನ’ ಎಂದು ಹೆಸರು. ಪರಿಹಾರ ಎಂದರೆ ಹಕ್ಕಾಗಿಬಿಡುತ್ತದೆ. ದಯೆಗೆ ದರಖಾಸ್ತು ಹಾಕಬಹುದು, ದಾವೆ ಹೂಡುವುದು ಕಷ್ಟ.

ಇಷ್ಟು ಪೀಠಿಕೆಯ ನಂತರ ಒಂದು ಮಾದರಿ ಪ್ರಶ್ನೋತ್ತರ. ಇಲ್ಲಿನ ಸದಸ್ಯರು, ಸಚಿವರು ಇಬ್ಬರೂ ಕಾಲ್ಪನಿಕ. ಉತ್ತರದ ಪದಗಳು ಮಾತ್ರ ಯಾರ ಕಲ್ಪನೆಗೂ ನಿಲುಕದಷ್ಟು ನಿಜ.

(ಅ) ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೀದಿನಾಯಿಗಳ ಸಂಖ್ಯೆ ಹೆಚ್ಚಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? — ಬಂದಿದೆ.

(ಆ) ಬಂದಿದ್ದಲ್ಲಿ, ಆ ಸಂಖ್ಯೆ ಎಷ್ಟು? — ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ.

(ಇ) ಸಂಖ್ಯೆಯೇ ತಿಳಿಯದಿದ್ದಲ್ಲಿ, ಹೆಚ್ಚಿರುವುದು ಗಮನಕ್ಕೆ ಬಂದದ್ದು ಹೇಗೆ? — ಉದ್ಭವಿಸುವುದಿಲ್ಲ.

(ಈ) ಮಾರಿಕುಪ್ಪಂ ನಿಲ್ದಾಣದ ನಾಯಿ ಯಾವ ಇಲಾಖೆಯ ವ್ಯಾಪ್ತಿಗೆ ಬರುತ್ತದೆ? — ವಿಷಯವು ಹಲವು ಇಲಾಖೆಗಳಿಗೆ ಸಂಬಂಧಿಸಿದ್ದು, ಸಮನ್ವಯ ಸಭೆ ಕರೆಯಲು ಕ್ರಮ ವಹಿಸಲಾಗುವುದು.

‘ಉದ್ಭವಿಸುವುದಿಲ್ಲ’ ಎಂಬುದರ ಮೇಲೆ ಒಂದು ಮಾತು. ನಮ್ಮಲ್ಲಿ ಉದ್ಭವಿಸುವುದು ಲಿಂಗ. ಪಕ್ಕದ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಾದರೋ ಭಕ್ತರು ದುಡ್ಡು ಕೊಟ್ಟು ಲಿಂಗ ಪ್ರತಿಷ್ಠಾಪಿಸುತ್ತಾರೆ, ಉದ್ಭವಿಸಲೆಂದು ಕಾಯುವುದಿಲ್ಲ. ಪ್ರಶ್ನೆಗಳ ವಿಷಯದಲ್ಲಿ ಸರ್ಕಾರ ಇನ್ನೂ ಹಳೆಯ ಸಂಪ್ರದಾಯದಲ್ಲಿದೆ. ಶಾಸಕರು ಎಷ್ಟೇ ಪ್ರತಿಷ್ಠಾಪಿಸಿದರೂ, ಉದ್ಭವಿಸದ ಹೊರತು ಪೂಜೆಯಿಲ್ಲ.

ಚುಕ್ಕೆಯಿರುವ ಪ್ರಶ್ನೆಯಾದರೆ ಬಾಯಿಮಾತಿನ ಉತ್ತರ, ಉಪಪ್ರಶ್ನೆಗೆ ಅವಕಾಶ. ಚುಕ್ಕೆಯಿಲ್ಲದ್ದಕ್ಕೆ ಬರವಣಿಗೆಯಲ್ಲಿ ಉತ್ತರ, ಅಲ್ಲಿಗೆ ಮುಗಿಯಿತು. ನಾಯಿಗಳಲ್ಲೂ ಇಂಥದೇ ಭೇದವಿದೆ. ಸಂತಾನಹರಣ ಚಿಕಿತ್ಸೆಯಾದ ನಾಯಿಯ ಕಿವಿಯ ತುದಿಯಲ್ಲಿ ಗುರುತು ಕತ್ತರಿಸುತ್ತಾರೆ. ಕಿವಿಗುರುತಿನ ನಾಯಿ, ಕಿವಿಗುರುತಿಲ್ಲದ ನಾಯಿ. ಮಣಿಯ ಎಡಗಿವಿ ಇಲಾಖೆ ಕತ್ತರಿಸಿದ್ದೋ ಇನ್ನೊಂದು ನಾಯಿ ಕಚ್ಚಿದ್ದೋ ಎಂದು ಬಹಳ ಹೊತ್ತು ಬಗ್ಗಿ ನೋಡಿದೆ. ಅದು ಒಂದು ಕಣ್ಣು ತೆರೆದು ನನ್ನನ್ನು ತನ್ನ ಗಮನಕ್ಕೆ ತಂದುಕೊಂಡು, ಮತ್ತೆ ಮುಚ್ಚಿತು.

ಬೀದಿನಾಯಿಗಳ ಸಂತಾನ ನಿಯಂತ್ರಣದ 2023ರ ನಿಯಮದಂತೆ ಚಿಕಿತ್ಸೆಯಾದ ನಾಯಿಯನ್ನು ಹಿಡಿದ ಜಾಗಕ್ಕೇ ತಂದು ಬಿಡಬೇಕು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಹಿಡಿದದ್ದನ್ನು ಅಲ್ಲಿಗೆ ಮರಳಿ ಬಿಡಕೂಡದೆಂದಿತು. ಆದ್ದರಿಂದ ಮಣಿಯನ್ನು ಪ್ಲಾಟ್‌ಫಾರ್ಮಿನ ಮೇಲೆ ಹಿಡಿದರೆ ಆಶ್ರಯ ಕೇಂದ್ರ, ಹತ್ತು ಮಾರು ಆಚೆ ಗುಡ್ಡದ ಬುಡದಲ್ಲಿ ಹಿಡಿದರೆ ಮತ್ತೆ ಗುಡ್ಡ. ನಿಲ್ದಾಣಕ್ಕೂ ಗುಡ್ಡಕ್ಕೂ ನಡುವಿನ ಬೇಲಿಯಲ್ಲಿ ಒಂದು ಕಂಡಿಯಿದೆ. ಅದರ ಮೊಂಡು ತಂತಿಗೆ ಕಂದು ಕೂದಲು ಅಂಟಿರುವುದನ್ನು ನಾನೇ ನೋಡಿದೆ. ದಿನಕ್ಕೆ ನಾಲ್ಕಾರು ಬಾರಿ ಒಂದು ಜೀವ ಅಲ್ಲಿ ನುಸುಳಿ ತನ್ನ ಕಾನೂನನ್ನು ಬದಲಾಯಿಸಿಕೊಳ್ಳುತ್ತದೆ.

ಕಾಲಗಣನೆಯಲ್ಲಿ ಒಂದು ಕಾಕತಾಳೀಯವನ್ನು ಹೇಳದೆ ಮುಂದೆ ಹೋಗಲಾರೆ. ಇಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಬೀದಿನಾಯಿಗಳಿಗೆ ದೇಶದಲ್ಲಿ ಮೊದಲ ನಿಯಮಾವಳಿ ಬಂದದ್ದು ಅದೇ ವರ್ಷದ ಡಿಸೆಂಬರ್ 24ರಂದು. ಮನುಷ್ಯನನ್ನು ಶಾಫ್ಟಿನಿಂದ ಮೇಲೆ ಕರೆದು ಮನೆಗೆ ಕಳಿಸಿದ ಹತ್ತೇ ತಿಂಗಳಿಗೆ, ಹಿಡಿದ ನಾಯಿಯನ್ನು ಅದರ ಜಾಗಕ್ಕೇ ಬಿಡಬೇಕು ಎಂಬ ನಿಯಮ. ಗಣಿ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಹಕ್ಕು, ಅವರ ಬಾಕಿ ಇವು ಆಗಿನಿಂದಲೂ ಗಮನಕ್ಕೆ ಬರುತ್ತಲೇ ಇವೆ. ಉರಿಗಾಂ ಕಡೆಯ ಮುದುಕರೊಬ್ಬರಿಗೆ ನನ್ನ ಸಂಶೋಧನೆಯ ವಿಷಯ ವಿವರಿಸಿದಾಗ ಅವರು ಕೇಳಿದ್ದು ಇಷ್ಟೇ: ‘ನಾಯಿಗೆ ಏನಂತ ಉತ್ತರ ಕೊಟ್ರಪ್ಪಾ?’

‘ಪರಿಶೀಲನೆಯಲ್ಲಿದೆ ಅಂತ, ತಾತ.’

‘ಓ, ನಮ್ಮದೇ’ ಎಂದು ಬೀಡಿ ಹಚ್ಚಿದರು.

ಮೂರನೆಯ ದಿನ ಬೆಳಿಗ್ಗೆ ಹೊರಡುವ ಮುಂಚೆ ಅಕ್ಕನ ಅಂಗಡಿಗೆ ಹೋದೆ. ಬೆಂಚಿನ ಕೆಳಗೆ ಮಣಿ ಇರಲಿಲ್ಲ. ನಾಯಿ ಹಿಡಿಯುವ ವ್ಯಾನೇನಾದರೂ ಬಂದಿತ್ತಾ ಎಂದು ಕೇಳಿದೆ.

‘ಬಂದಿತ್ತು ಸಾರ್. ಅಷ್ಟೊತ್ತಿಗೆ ಗುಡ್ಡ ಹತ್ತಿಬಿಟ್ಟಿತ್ತು. ಗುಡ್ಡ ನಮ್ದಲ್ಲ ಅಂತ ಟೀ ಕುಡ್ದು ಹೋದ್ರು.’

ಗಾಡಿ ಕೂಗಿತು. ಅಕ್ಕ ಬನ್ನಿನ ತುದಿ ಮುರಿದು ಬೆಂಚಿನ ಕೆಳಗೆ, ಖಾಲಿ ಜಾಗಕ್ಕೆ, ಎಸೆದಳು.