ಅರ್ಥಿಂಗ್ ಮುತ್ಯಾ

ನಮ್ಮ ಮನೆಗೆ ಈಜುಕೊಳವಿದೆ. ಬೆಂಗಳೂರಿನ ನೆಂಟರಿಗೆ ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಅದು ಅಫಜಲಪುರ ತಾಲೂಕಿನ ನಮ್ಮ ಹೊಲದಲ್ಲಿ ಕಬ್ಬಿಗೆ ನೀರುಣಿಸಲು ಕಟ್ಟಿಸಿದ ಸಿಮೆಂಟಿನ ಹೌದ, ಮೇ ತಿಂಗಳಿಡೀ ಮೊಮ್ಮಕ್ಕಳು ಅದರಲ್ಲಿ ಎಮ್ಮೆಗಳಂತೆ ಬಿದ್ದಿರುತ್ತಾರೆ ಎಂಬ ವಿವರ ಅವರಿಗೇಕೆ?

ಹೌದ ತುಂಬುವುದು ಬೋರಿನ ಮೋಟರಿನಿಂದ, ಮೋಟರ್ ನಡೆಯುವುದು ತ್ರೀ ಫೇಸ್ ಕರೆಂಟಿನ ಮರ್ಜಿಯಿಂದ. ಲೆಕ್ಕದಲ್ಲಿ ಅದು 415 ವೋಲ್ಟ್. ಒಂದು ಫೇಸ್ ಕೈಕೊಟ್ಟರೂ ಮೋಟರ್ ನಿಲ್ಲುವುದಿಲ್ಲ. ಉಳಿದೆರಡರ ಮೇಲೆ ನರಳುತ್ತ ಓಡಿ, ಮಿತಿಮೀರಿ ಕರೆಂಟ್ ಎಳೆದು, ವೈಂಡಿಂಗ್ ಸುಟ್ಟುಕೊಂಡೇ ವಿರಮಿಸುತ್ತದೆ. ಹೋದ ಕರೆಂಟ್ ಮರಳಿ ಬರುವ ಗಳಿಗೆ ಇನ್ನೂ ಕೆಟ್ಟದ್ದು. ಸುತ್ತಲಿನ ಹೊಲದವರೆಲ್ಲ ಆಟೋ ಸ್ಟಾರ್ಟರ್ ಹಾಕಿಸಿ ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. ಕರೆಂಟ್ ಬಂದೊಡನೆ ಅಷ್ಟೂ ಮೋಟರುಗಳು ಒಟ್ಟಿಗೆ ಏಳುತ್ತವೆ, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಗುಂಯ್ ಎನ್ನುತ್ತದೆ, ವೋಲ್ಟೇಜ್ ನೆಲ ಕಚ್ಚುತ್ತದೆ. ನಿದ್ದೆಗೆಟ್ಟು ಕುಳಿತ ನನ್ನ ಮೋಟರೂ ಅವರ ನಿದ್ದೆಗೆ ಬಲಿ. ಈ ವಿಷಯದಲ್ಲಿ ಮಾತ್ರ ನನಗೆ ನಗು ಬರುವುದಿಲ್ಲ.

ಆಳಂದದ ಬೀಗರು ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಲು ಹೇಳಿದರು. ಜೇವರ್ಗಿಯ ಅಳಿಯ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಲು ಹೇಳಿದ. ಎರಡೂ ಆದವು. ಮೇಲೊಂದು ಓವರ್‌ಲೋಡ್ ರಿಲೇ, ಸಿಡಿಲಿಗೆಂದು ಸರ್ಜ್ ಪ್ರೊಟೆಕ್ಟರ್. "ಮಗಳ ಲಗ್ನದಾಗೂ ಇಷ್ಟು ಬಂಗಾರ ಹಾಕಿದ್ದಿಲ್ಲ ನೀವು" ಎಂದಳು ಹೆಂಡತಿ.

ವೈರ್‌ಮನ್ ಹುಡುಗ ಪೆಟ್ಟಿಗೆ ನೋಡಿ, "ಎಲ್ಲಾ ಛಲೋ ಅದ ಕಾಕಾ, ಅರ್ಥಿಂಗ್ ಎಲ್ಲದ?" ಎಂದ. ಸರ್ಜ್ ಪ್ರೊಟೆಕ್ಟರ್ ಸಿಡಿಲನ್ನು ನುಂಗಿ ಕೂಡುವುದಿಲ್ಲವಂತೆ, ಉಕ್ಕಿ ಬಂದದ್ದಕ್ಕೆ ಭೂಮಿಯ ದಾರಿ ತೋರಿಸುತ್ತದಂತೆ. ದಾರಿಯೇ ಇಲ್ಲದಿದ್ದರೆ ಅದು ಬರೀ ಡಬ್ಬಿ.

ಗಾಣಗಾಪುರದ ರಸ್ತೆಗೆ ಹತ್ತಿದ ಬದುವಿನ ಬಳಿ ಆಳದ ಕುಣಿ ತೋಡಿ ಜಿಐ ಪೈಪ್ ನಿಲ್ಲಿಸಿದೆವು. ಸುತ್ತ ಒಂದು ಪದರು ಇದ್ದಿಲು, ಒಂದು ಪದರು ಉಪ್ಪು. ನಮ್ಮದು ಎರೆಭೂಮಿ, ಬೇಸಿಗೆಯಲ್ಲಿ ಬಾಯಿಬಿಟ್ಟು ಪೈಪಿನ ಸಹವಾಸವನ್ನೇ ಬಿಡುತ್ತದೆ. ಹಾಗಾಗಿ ದಿನಾ ಮುಂಜಾನೆ ಜಳಕ ಮುಗಿಸಿ, ಬರಿಮೈಯಲ್ಲಿ, ಹೆಗಲಿಗೆ ಟವೆಲ್ ಹಾಕಿ, ನಾನು ಆ ಪೈಪಿಗೆ ಕೊಡ ನೀರು ಹೊಯ್ಯತೊಡಗಿದೆ.

ದತ್ತಾತ್ರೇಯನ ದರ್ಶನಕ್ಕೆ ನಡೆದು ಹೊರಟಿದ್ದ ಹೆಣ್ಣುಮಕ್ಕಳು ಇದನ್ನು ಕಂಡು ನಿಂತರು. ಮರುದಿನ ಪೈಪಿಗೆ ಕುಂಕುಮವಿತ್ತು. ಅದರ ಮರುದಿನ ಒಡೆದ ಕಾಯಿ. ಹಿರಿಯಳೊಬ್ಬಳು ಕೈಮುಗಿದು, "ಯಾವ ಮುತ್ಯಾರ ಗದ್ದುಗಿರೀ ಇದು?" ಎಂದಳು. ನಿಜ ಹೇಳಬೇಕೆಂದು ಬಾಯಿ ತೆರೆದೆ. "ಅರ್ಥಿಂಗ್ ಮುತ್ಯಾರದು" ಎಂದು ಹೊರಬಿತ್ತು. ಸುಳ್ಳೇನಲ್ಲವಲ್ಲ! "ಭಾಳ ಉಗ್ರ ಏನ್ರೀ?" "ಸಿಡಿಲನ್ನೂ ಹೊಟ್ಟ್ಯಾಗ ಹಾಕ್ಕೋತಾನವ್ವ." "ಎಡಿ ಏನು ಕೊಡಬೇಕ್ರೀ?" ಒಂದು ಕ್ಷಣ ಯೋಚಿಸಿ, ಗಂಭೀರವಾಗಿ, "ಉಪ್ಪು. ದೊಡ್ಡ ಹಳಕು. ಮತ್ತ ಒಂದು ಕೊಡ ನೀರು" ಎಂದೆ.

ಉಪ್ಪು ಬಂತು, ನೀರೂ ಬಂತು. ನನ್ನ ಅರ್ಥಿಂಗ್ ಜಿಲ್ಲೆಯಲ್ಲೇ ಅತ್ಯಂತ ತೇವದ ಅರ್ಥಿಂಗ್ ಆಯಿತು. ಆಟೋ ಸ್ಟಾರ್ಟರಿನ ನೆರೆಯವನೂ ಟಿಸಿ ಸುಡದಿರಲೆಂದು ಊದಿನಕಡ್ಡಿ ಹಚ್ಚಿಹೋದ. ಮೊಮ್ಮಕ್ಕಳು ಮುತ್ಯಾ ಎನ್ನುವುದು ನನಗೇ ಆದರೂ ಕಾಯಿ ಮಾತ್ರ ಅರ್ಥಿಂಗ್ ಮುತ್ಯಾನ ಪಾಲು.

ವೈರ್‌ಮನ್ ಹುಡುಗ ಮತ್ತೆ ಬಂದಾಗ ಕುಂಕುಮ ನೋಡಿ ನಕ್ಕ. ಹೌದಿನಲ್ಲಿದ್ದ ಮಕ್ಕಳನ್ನು ನೋಡಿ ನಗು ನಿಲ್ಲಿಸಿದ. "ಇದೆಲ್ಲಾ ಮೋಟರ್ ಉಳಿಸ್ಲಿಕ್ಕಾತು ಕಾಕಾ. ವೈರ್ ಸೋರಿ ನೀರಿಗೆ ಕರೆಂಟ್ ಇಳದ್ರ ಆ ಹುಡುಗರಿಗೇನದ?" ನಾನು ಉತ್ತರ ಕೊಡಲಿಲ್ಲ. 30 ಮಿಲಿಆಂಪಿಯರ್ ಸೋರಿದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಲೈನ್ ಕತ್ತರಿಸುವ ಆರ್‌ಸಿಸಿಬಿಯನ್ನು ಅವತ್ತೇ ಹಾಕಿಸಿದೆ.

ಮೋಟರ್ ಸುಟ್ಟರೆ ವೈಂಡಿಂಗ್ ಮಾಡಿಸಬಹುದು, ಮನುಷ್ಯರಿಗೆ ಆ ಅಂಗಡಿ ಇಲ್ಲ. ನಿಮ್ಮ ಹೊಲದಲ್ಲೂ ಹೌದ ಇದ್ದರೆ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಮಕ್ಕಳು ನೀರಿಗಿಳಿಯುವ ಮೊದಲು ಮೇನ್ ಸ್ವಿಚ್ ಇಳಿಸಿ. ಗುಡುಗು ಕೇಳಿದೊಡನೆ ಅವರನ್ನು ಮೇಲೆತ್ತಿ ಮನೆಯೊಳಗೆ ಕರೆದೊಯ್ಯಿರಿ. ಅಷ್ಟಾದ ಮೇಲೆ ಬೇಕಿದ್ದರೆ ನಿಂಬೆಹಣ್ಣೂ ಕಟ್ಟಿ, ನನ್ನ ತಕರಾರಿಲ್ಲ.